ರಕ್ತ ಕೊಟ್ಟವರೇ, ವರದಿ ಕೇಳಿ!

ಓದಿ. ಓದಿದ ಮೇಲೆ ಇದರಲ್ಲಿ ಮಿರ್ಚಿ-ಮಂಡಕ್ಕಿ ಕಟ್ಟಬೇಡಿ. ಪಕ್ಕದವರ ಕೈಗೆ ಕೊಡಿ.

ದಾವಣಗೆರೆಯ ಬಂಧುಗಳೇ,

ನಾನೊಬ್ಬ ಜೆರಾಕ್ಸ್ ಅಂಗಡಿಯವನು. ಇಪ್ಪತ್ತೊಂದು ವರ್ಷದಿಂದ ಈ ಊರಿನ ಪಹಣಿ, ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು, ಲಗ್ನಪತ್ರಿಕೆ, ಮರಣ ಪ್ರಮಾಣಪತ್ರ ಎಲ್ಲವೂ ನನ್ನ ಮಿಷಿನ್ನಿನ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗಿವೆ. ಯಾರ ಕಾಗದಕ್ಕಾದರೂ ಎರಡು ರೂಪಾಯಿಗೆ ನಕಲು ಕೊಡುವ ನನಗೆ ಒಂದು ಕಾಗದದ ನಕಲು ಮಾತ್ರ ತಿಂಗಳುಗಟ್ಟಲೆ ಸಿಗಲಿಲ್ಲ. ಅದು ನನ್ನದೇ ರಕ್ತ ಪರೀಕ್ಷೆಯ ವರದಿ.

ಮೊದಲು ಕಥೆ ಹೇಳಿಬಿಡುತ್ತೇನೆ. ಕೆಲಸದ ಮಾತು ಆಮೇಲೆ.

ಮೂರು ವರ್ಷದ ಹಿಂದೆ ಕಲರ್ ಮಿಷಿನ್ನಿಗೆ ಸಾಲ ತೆಗೆದೆ. ಸಾಲ ತಲೆ ಮೇಲೆ ಬಂದ ದಿನವೇ ನಮ್ಮ ಮನೆಯವರು, "ನಿಮಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ಕಂತು ಯಾರು ಕಟ್ಟಬೇಕು? ಒಂದು ಇನ್ಶೂರೆನ್ಸ್ ಮಾಡಿಸ್ರಿ" ಅಂದರು. ನ್ಯಾಯವಾದ ಮಾತು. ಪರಿಚಯದ ಏಜೆಂಟರ ಕೈಲಿ ಐವತ್ತು ಲಕ್ಷದ ಟರ್ಮ್ ಪಾಲಿಸಿಗೆ ಅರ್ಜಿ ಹಾಕಿದೆ. ನನಗಾಗ ನಲವತ್ತಾರು. "ಮೆಡಿಕಲ್ ಇರ್ತದೆ ಅಣ್ಣ, ಏನೂ ಇಲ್ಲ, ಬರೀ ಫಾರ್ಮಾಲಿಟಿ" ಅಂದರು ಏಜೆಂಟರು.

ಒಂದು ಬೆಳಗ್ಗೆ ಆರೂವರೆಗೆ ಬೈಕಿನಲ್ಲಿ ಐಸ್ ಡಬ್ಬಿ ಕಟ್ಟಿಕೊಂಡು ಒಬ್ಬ ಹುಡುಗ ಬಂದ. ಮೂರು ಟ್ಯೂಬು ರಕ್ತ, ಒಂದು ಡಬ್ಬಿ ಮೂತ್ರ. ಎತ್ತರ, ತೂಕ, ಹೊಟ್ಟೆಯ ಸುತ್ತಳತೆ, ಬಿಪಿ ಬರೆದುಕೊಂಡ. ಎರಡು ಕಡೆ ಸಹಿ ಹಾಕಿಸಿಕೊಂಡ. ಕನ್ನಡದಲ್ಲಿ ಸಹಿ ಹಾಕಿದ್ದಕ್ಕೆ, "ಇಂಗ್ಲಿಷ್ ಬರಲ್ವಾ ಸಾರ್? ಹಂಗಾದ್ರೆ ಇನ್ನೊಂದು ಡಿಕ್ಲರೇಷನ್ ಬೇಕು" ಅಂದ. ಅದಕ್ಕೂ ಒಂದು ಸಹಿ. ಮಾರನೆಯ ದಿನ ಒಂದು ಡಯಾಗ್ನೋಸ್ಟಿಕ್ ಸೆಂಟರಿಗೆ ಹೋಗಿ ಇಸಿಜಿ ಮಾಡಿಸಿಕೊಂಡು, ಟ್ರೆಡ್‌ಮಿಲ್ಲಿನ ಮೇಲೆ ಓಡಿ ಬಂದೆ.

ಹದಿನಾರು ದಿನದ ಮೇಲೆ ಮೊಬೈಲಿಗೆ ಒಂದು ಮೆಸೇಜು. ನಿಮ್ಮ ಪ್ರಸ್ತಾವನೆಯನ್ನು ಮುಂದೂಡಲಾಗಿದೆ, ಅಷ್ಟೇ. ಏಜೆಂಟರನ್ನು ಕೇಳಿದರೆ, "ಮೆಡಿಕಲ್‌ನಲ್ಲಿ ಏನೋ ಸರಿ ಬಂದಿಲ್ಲ ಅಣ್ಣ, ಆರು ತಿಂಗಳು ಬಿಟ್ಟು ನೋಡೋಣ." ಏನು ಸರಿ ಬಂದಿಲ್ಲ? "ಅದು ನಮಗೂ ಹೇಳಲ್ಲ." ಕಾಲ್ ಸೆಂಟರಿಗೆ ಫೋನು ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ, "ಸಾರ್, ಅದು ಗೌಪ್ಯ ಮಾಹಿತಿ" ಅಂದಳು. ಯಾರಿಂದ ಗೌಪ್ಯ ತಾಯಿ, ನನ್ನಿಂದಲೋ? ಅವಳ ಹತ್ತಿರ ಉತ್ತರ ಇರಲಿಲ್ಲ. ಡಯಾಗ್ನೋಸ್ಟಿಕ್ ಸೆಂಟರಿನ ಕೌಂಟರಿನಲ್ಲಿ ಕೇಳಿದರೆ, "ನಮಗೆ ದುಡ್ಡು ಕೊಟ್ಟಿದ್ದು ಕಂಪನಿ ಸಾರ್, ವರದಿ ಅವರಿಗೇ ಹೋಗೋದು."

ನಾನೂ ಸುಮ್ಮನಾದೆ. ನನ್ನ ತಪ್ಪು ಅಲ್ಲೇ. ಮೈ ಗಟ್ಟಿಯಿದೆ, ಅಂಗಡಿ ನಡೆಯುತ್ತಿದೆ, ಕಂಪನಿ ಬೇಡ ಅಂದರೆ ಬೇಡ ಎಂದು ಬಿಟ್ಟುಬಿಟ್ಟೆ.

ಎಂಟು ತಿಂಗಳಾದ ಮೇಲೆ ಒಂದು ದಿನ ಪಹಣಿಯ ಸಣ್ಣ ಅಕ್ಷರ ಮಸುಕಾಗಿ ಕಂಡವು. ಟೋನರ್ ಮುಗಿದಿರಬೇಕು ಅಂದುಕೊಂಡು ಹೊಸದು ಹಾಕಿದೆ. ಟೋನರ್ ಸರಿಯಾಗಿಯೇ ಇತ್ತು. ಕಣ್ಣಿನ ಡಾಕ್ಟರು ಬೆಳಕು ಹಾಕಿ ನೋಡಿ, "ಮೊದಲು ಶುಗರ್ ಚೆಕ್ ಮಾಡಿಸ್ಕೊಂಡು ಬನ್ನಿ" ಅಂದರು. ರಕ್ತದ ಸಕ್ಕರೆ ಅಳೆಯುವ ಎಚ್‌ಬಿಎ1ಸಿ ಟೆಸ್ಟಿನಲ್ಲಿ 9.4 ಬಂತು.

ಆಗ ಹಟ ಹಿಡಿದು ಕಂಪನಿಗೆ ಬರೆದೆ. ಮೊದಲ ಎರಡು ಕಾಗದಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ "ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ". ಸರ್ಕಾರದ ಪೋರ್ಟಲ್‌ನಲ್ಲಿ ದೂರು ಹಾಕಿದ ಹನ್ನೊಂದನೆಯ ದಿನ ಇಮೇಲಿಗೆ ಒಂದು ಪಿಡಿಎಫ್ ಬಂದು ಬಿತ್ತು. ಆರು ಪುಟ. ಎರಡನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಎಚ್‌ಬಿಎ1ಸಿ 7.9, ಪಕ್ಕದಲ್ಲಿ ಒಂದು ಸಣ್ಣ ಬಾಣದ ಗುರುತು, ಮೇಲ್ಮುಖವಾಗಿ.

5.7ಕ್ಕಿಂತ ಕಡಿಮೆ ಇದ್ದರೆ ಸರಿ. 5.7ರಿಂದ 6.4 ಇದ್ದರೆ ಅಂಚಿನಲ್ಲಿದ್ದೀರಿ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನನ್ನದು 7.9 ಎಂದು ಎಂಟು ತಿಂಗಳ ಮೊದಲೇ ಯಾವುದೋ ಊರಿನ ಕಂಪ್ಯೂಟರಿಗೆ ಗೊತ್ತಿತ್ತು. ಅದರ ಮುಂದೆ ಕೂತಿದ್ದ ಯಾರೋ ಒಬ್ಬರಿಗೆ ಗೊತ್ತಿತ್ತು. ಗೊತ್ತಿರದೆ ಇದ್ದವರು ನಾನು, ನನ್ನ ಹೆಂಡತಿ, ಮತ್ತು ದಿನಾ ಮೂರು ಹೊತ್ತು ಸಕ್ಕರೆ ಹಾಕಿದ ಚಹಾ ಕಳಿಸುತ್ತಿದ್ದ ಪಕ್ಕದ ಹೋಟೆಲಿನವರು. ಕಣ್ಣು ಕೆಟ್ಟಿದ್ದು ಆ ಎಂಟು ತಿಂಗಳಿಂದಲೇ ಎಂದು ನಾನು ಹೇಳಲಾರೆ, ಡಾಕ್ಟರೂ ಹೇಳಲಿಲ್ಲ. ಆದರೆ ಆ ಎಂಟು ತಿಂಗಳು ನನ್ನವಾಗಿದ್ದವು. ಮಾತ್ರೆ ಶುರು ಮಾಡಬಹುದಿತ್ತು, ಚಹಾ ಬಿಡಬಹುದಿತ್ತು, ಬೆಳಗ್ಗೆ ಎದ್ದು ನಡೆಯಬಹುದಿತ್ತು.

ನಾನೊಬ್ಬನೇ ಆಗಿದ್ದರೆ ಈ ಕರಪತ್ರ ಅಚ್ಚು ಹಾಕಿಸುತ್ತಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನ ಅಂಚಿನಲ್ಲಿದ್ದಾರೆ. ಮೈಯಲ್ಲಿ ನೋವಿಲ್ಲದೆ ಬೆಳೆಯುವ ಕಾಯಿಲೆ ಇದು. ನಮ್ಮಂಥ ಎಷ್ಟೋ ಜನ ಜೀವಮಾನದಲ್ಲಿ ಮೊದಲ ಸಲ ಇಷ್ಟೆಲ್ಲ ಟೆಸ್ಟು ಮಾಡಿಸಿಕೊಳ್ಳುವುದೇ ಇನ್ಶೂರೆನ್ಸಿನ ನೆಪದಲ್ಲಿ. ಸಕ್ಕರೆ, ಕೊಲೆಸ್ಟ್ರಾಲ್, ಕ್ರಿಯಾಟಿನಿನ್, ಲಿವರ್, ಹೆಪಟೈಟಿಸ್ ಬಿ, ಇಸಿಜಿ ಎಲ್ಲವೂ ಒಂದೆರಡು ದಿನದಲ್ಲಿ. ಅಂಥ ವರದಿ ಬೇರೆಯವರ ಕಡತದಲ್ಲಿ ಮಲಗುತ್ತದೆ.

ಮುಂದೂಡಿದ್ದು ಅಲ್ಲಿಗೇ ಮುಗಿಯುವುದಿಲ್ಲ

ಇನ್ನೊಂದು ಕಂಪನಿಗೆ ಅರ್ಜಿ ಹಾಕಲು ಹೋಗಿ. ಫಾರಂನಲ್ಲಿ ಒಂದು ಪ್ರಶ್ನೆ ಇರುತ್ತದೆ: ಈ ಹಿಂದೆ ಯಾವುದಾದರೂ ಕಂಪನಿ ನಿಮ್ಮ ಪ್ರಸ್ತಾವನೆಯನ್ನು ತಿರಸ್ಕರಿಸಿದೆಯೇ, ಮುಂದೂಡಿದೆಯೇ, ಹೆಚ್ಚಿನ ಕಂತು ಕೇಳಿದೆಯೇ? ಹೌದು ಎಂದರೆ ಕಾರಣ ಕೊಡಿ. ಹೌದು ಎಂದು ಬರೆಯಲೇಬೇಕು, ಮುಚ್ಚಿಟ್ಟರೆ ನಾಳೆ ಹೆಂಡತಿ ಮಕ್ಕಳು ಹಣ ಕೇಳಲು ಹೋದಾಗ ಅದೇ ಉರುಳಾಗುತ್ತದೆ. ಕಾರಣ ಏನೆಂದು ಬರೆಯೋಣ? ಕಾರಣವನ್ನು ನಮಗೆ ಹೇಳಿದವರು ಯಾರು?

ಇನ್ನು ಆ ವರದಿಯೇ ತಪ್ಪಾಗಿದ್ದರೆ? ಟ್ಯೂಬು ಅದಲುಬದಲಾದರೆ, ಹೆಸರು ತಪ್ಪಾಗಿ ಅಂಟಿಸಿದ್ದರೆ? ಯಾರದೋ ಕಿಡ್ನಿಯ ಕಾಯಿಲೆ ನಿಮ್ಮ ಹೆಸರಿನ ಕಡತದಲ್ಲಿ ಕೂತಿರುತ್ತದೆ. ವರದಿ ಕಣ್ಣಿಗೆ ಬಿದ್ದರಲ್ಲವೇ ಇದು ನನ್ನದಲ್ಲ ಅನ್ನೋದು?

ತಂಬಾಕಿನ ಮಾತೂ ಹೇಳಬೇಕು, ನಮ್ಮ ಊರಲ್ಲಿ ಹೇಳಲೇಬೇಕು. ಮೂತ್ರದಲ್ಲಿ ಕೊಟಿನಿನ್ ಎಂಬುದನ್ನು ಹುಡುಕುವ ಟೆಸ್ಟು ಇದೆ. ಮೈಯೊಳಗೆ ನಿಕೋಟಿನ್ ಹೋಗಿದ್ದರೆ ಅದು ತೋರಿಸುತ್ತದೆ. ಫಾರಂನಲ್ಲಿ ಏಜೆಂಟರು "ಸ್ಮೋಕಿಂಗ್ ಇಲ್ಲ ತಾನೇ ಯಜಮಾನ್ರೇ?" ಎಂದು ಕೇಳುತ್ತಾರೆ. ನೀವು ಸಿಗರೇಟು ಮುಟ್ಟಿದವರಲ್ಲ, ಇಲ್ಲ ಅನ್ನುತ್ತೀರಿ. ಊಟವಾದ ಮೇಲೆ ಎಲೆ-ಅಡಿಕೆಯ ಜೊತೆ ಹಾಕಿಕೊಳ್ಳುವ ಹೊಗೆಸೊಪ್ಪು ನೆನಪಿಗೇ ಬರುವುದಿಲ್ಲ. ಆದರೆ ಎಷ್ಟೋ ಫಾರಂಗಳು ಕೇಳುವುದು ಯಾವುದೇ ರೂಪದ ತಂಬಾಕು. ಟೆಸ್ಟು ನಿಮ್ಮನ್ನು ಸುಳ್ಳುಗಾರ ಮಾಡಿತು, ಅದೂ ನಿಮಗೆ ಗೊತ್ತಾಗದ ಹಾಗೆ. ಫಾರಂ ಓದದೆ ಸಹಿ ಹಾಕಬೇಡಿ ಎಂದು ನಾನು ಕೌಂಟರಿನಲ್ಲಿ ಕೂತು ದಿನಾ ಹೇಳುತ್ತೇನೆ. ಕೇಳುವವರು ಕಡಿಮೆ.

ದೊಡ್ಡ ಮೊತ್ತದ ಪಾಲಿಸಿಗೆ ಎಚ್‌ಐವಿ ಪರೀಕ್ಷೆಯನ್ನೂ ಮಾಡುತ್ತಾರೆ. ಇದು ಗುಸುಗುಸು ಮಾತಾಡುವ ವಿಷಯವಲ್ಲ, ಬಿಚ್ಚಿ ಹೇಳುತ್ತೇನೆ. 2017ರಲ್ಲಿ ಪಾಸಾಗಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ, ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಯಾರಿಗೂ ಆ ಪರೀಕ್ಷೆ ಮಾಡುವಂತಿಲ್ಲ. ನಾಲ್ಕು ಪುಟದ ಫಾರಂನ ಮೂಲೆಯಲ್ಲಿ ಇರುವೆ ಸಾಲಿನಂತೆ ಒಂದು ವಾಕ್ಯ ಅಚ್ಚು ಹಾಕಿ, ಅದರ ಕೆಳಗೆ ಸಹಿ ಹಾಕಿಸಿಕೊಂಡರೆ ಅದು ತಿಳಿಸಿ ಹೇಳಿದಂತೆ ಆಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಯಾವ ಟೆಸ್ಟು ಮಾಡುತ್ತೀರಿ ಎಂದು ರಕ್ತ ಕೊಡುವ ಮುಂಚೆಯೇ ಕೇಳಿ. ಸಂಶಯವಿದ್ದವರು 1097ಕ್ಕೆ ಫೋನು ಮಾಡಬಹುದು. ದುಡ್ಡಿಲ್ಲ, ನಿಮ್ಮ ಹೆಸರನ್ನು ಯಾರಿಗೂ ಹೇಳುವುದೂ ಇಲ್ಲ.

ಪಾಲಿಸಿ ಸಿಕ್ಕವರೂ ಕೇಳಬೇಕು

"ನನಗೆ ಪಾಲಿಸಿ ಬಂತಲ್ಲ, ವರದಿ ಯಾಕೆ?" ಅನ್ನುವವರಿಗೆ ಒಂದು ಪ್ರಸಂಗ ಹೇಳುತ್ತೇನೆ. ಕಳೆದ ವರ್ಷ ಒಬ್ಬ ತಾಯಿ ಕಾಗದಗಳ ಗಂಟು ಹಿಡಿದು ಅಂಗಡಿಗೆ ಬಂದರು. ಯಜಮಾನರು ಹೃದಯಾಘಾತದಿಂದ ತೀರಿಕೊಂಡಿದ್ದರು. ಬಿಪಿ ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದರು ಎಂದು ಕಂಪನಿ ಹಣ ಕೊಡುವುದಿಲ್ಲ ಎಂದಿತ್ತು. ಗಂಟು ಬಿಚ್ಚಿ ಒಂದೊಂದೇ ಹಾಳೆ ಗಾಜಿನ ಮೇಲೆ ಇಡುತ್ತಾ ಹೋದೆ. ಪಾಲಿಸಿಗೆ ಮುಂಚೆ ಕಂಪನಿಯ ಡಾಕ್ಟರೇ ಪರೀಕ್ಷೆ ಮಾಡಿ ಬರೆದ ಹಾಳೆಯ ನಕಲನ್ನು ಆ ಪುಣ್ಯಾತ್ಮರು ಇಟ್ಟುಕೊಂಡಿದ್ದರು. ಅದರಲ್ಲಿ ಬಿಪಿ 150/96 ಎಂದು ಡಾಕ್ಟರ ಕೈಬರಹದಲ್ಲೇ ಇತ್ತು. ಮುಚ್ಚಿಟ್ಟಿದ್ದು ಎಲ್ಲಿ ಬಂತು? ನೋಡಿಯೇ ಪಾಲಿಸಿ ಕೊಟ್ಟಿದ್ದರಲ್ಲ! ಆ ಒಂದು ಹಾಳೆಯ ಐದು ನಕಲು ತೆಗೆದುಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಮುಂದಿನ ತಿಂಗಳು ಅವರೇ ಪೇಡೆ ತಂದುಕೊಟ್ಟರು. ನನಗೆ ಸಕ್ಕರೆ ಕಾಯಿಲೆ ಎಂದು ಅವರಿಗೆ ಗೊತ್ತಿರಲಿಲ್ಲ. ಒಂದು ತಿಂದೆ.

2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೂ ಈ ದಾರಿಯ ಮಾತನ್ನೇ ಹೇಳಿದೆ. ಅರ್ಜಿದಾರನ ಆರೋಗ್ಯವನ್ನು ಅಳೆದು ನೋಡಿ ಪಾಲಿಸಿ ಕೊಟ್ಟ ಮೇಲೆ, ಅವನು ಅರ್ಜಿಯಲ್ಲಿ ತಿಳಿಸಿದ್ದ ಕಾಯಿಲೆಯನ್ನೇ ಮುಂದೆ ಮಾಡಿ ಕಂಪನಿ ಹಣ ನಿರಾಕರಿಸುವಂತಿಲ್ಲ. ಜೀವ ವಿಮೆಯಲ್ಲಿ ಪಾಲಿಸಿಯನ್ನು ಪ್ರಶ್ನಿಸಲು ಕಂಪನಿಗೆ ಮೂರು ವರ್ಷದ ಕಾಲಾವಕಾಶವಿದೆ, 1938ರ ವಿಮಾ ಕಾಯ್ದೆಯ 45ನೇ ಕಲಂ. ಆರೋಗ್ಯ ವಿಮೆಯಲ್ಲಿ ಅರುವತ್ತು ತಿಂಗಳು, ಮೋಸವಿದ್ದರೆ ಆಮೇಲೂ. ಅಲ್ಲಿಯವರೆಗೂ ಮೊದಲ ದಿನದ ವರದಿ ನಿಮ್ಮ ಟ್ರಂಕಿನಲ್ಲಿ ಇರಲಿ.

ಹೆಚ್ಚಿನ ಕಂತು ಕೇಳಿ ಕಂಪನಿ ಕಾಗದ ಕಳಿಸಿದರೆ, ಅದಕ್ಕೆ ಕೌಂಟರ್ ಆಫರ್ ಅನ್ನುತ್ತಾರೆ, ಒಪ್ಪಿಗೆಯ ಸಹಿ ಹಾಕುವ ಮುಂಚೆ ಯಾವ ಟೆಸ್ಟಿನ ಯಾವ ಅಂಕಿಗಾಗಿ ಹೆಚ್ಚು ಎಂದು ಕೇಳಿ. ತರಕಾರಿ ಮಾರ್ಕೆಟ್ಟಿನಲ್ಲಿ ಎರಡು ರೂಪಾಯಿ ಹೆಚ್ಚಾದರೆ ತಕ್ಕಡಿ ನೋಡುವವರು ನಾವು.

"ದುಡ್ಡು ಕೊಟ್ಟಿದ್ದು ಕಂಪನಿ"

ಈ ಮಾತನ್ನು ಎಲ್ಲರೂ ಹೇಳುತ್ತಾರೆ, ಹೇಳಿಸಿಕೊಂಡು ನಾವು ತಲೆ ಬಗ್ಗಿಸಿ ಬರುತ್ತೇವೆ. ಕಂಪನಿಯ ದುಡ್ಡು ಬಂದಿದ್ದು ಎಲ್ಲಿಂದ? ನಮ್ಮ ಕಂತಿನಿಂದ. ಇನ್ನೊಂದು ಗಮನಿಸಿ. ಪಾಲಿಸಿ ಬಂದ ಮೂವತ್ತು ದಿನದೊಳಗೆ ಬೇಡ ಎಂದು ವಾಪಸ್ ಮಾಡುವ ಹಕ್ಕು ನಮಗಿದೆ. ಹಾಗೆ ವಾಪಸ್ ಮಾಡಿದಾಗ ಸ್ಟಾಂಪ್ ಡ್ಯೂಟಿಯ ಜೊತೆಗೆ ವೈದ್ಯಕೀಯ ಪರೀಕ್ಷೆಯ ಖರ್ಚನ್ನೂ ನಮ್ಮ ಹಣದಲ್ಲೇ ಮುರಿದುಕೊಳ್ಳುತ್ತಾರೆ. ಖರ್ಚು ಮುರಿದುಕೊಳ್ಳುವಾಗ ಟೆಸ್ಟು ನಮ್ಮದು, ವರದಿ ಕೇಳಿದಾಗ ಅವರದು!

ದುಡ್ಡಿನ ಮಾತು ಬಿಡಿ. ಎಲ್ಲ ದುಡ್ಡೂ ಕಂಪನಿಯದೇ ಆಗಲಿ. ಟ್ಯೂಬಿನ ಮೇಲೆ ಬರೆದದ್ದು ನನ್ನ ಹೆಸರು, ಒಳಗಿದ್ದದ್ದು ನನ್ನ ರಕ್ತ. ವೈದ್ಯಕೀಯ ಮಂಡಳಿಯ 2002ರ ನೀತಿ ನಿಯಮಗಳು, ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ಡಾಕ್ಟರಿಗೆ ಹೇಳುತ್ತವೆ. ರೋಗಿಯ ದಾಖಲೆಯನ್ನು ರೋಗಿಯಿಂದಲೇ ಗುಟ್ಟು ಮಾಡಲು ಆಸ್ಪತ್ರೆಗೆ ಬರುವುದಿಲ್ಲ ಎಂದು ಬಾಂಬೆ ಹೈಕೋರ್ಟು 1996ರಲ್ಲೇ ಹೇಳಿದೆ. ಲ್ಯಾಬಿನವರು, "ನೀವು ನಮ್ಮ ರೋಗಿ ಅಲ್ಲ, ಕಂಪನಿಯ ಕ್ಯಾಂಡಿಡೇಟು" ಎಂದು ಜಾರಿಕೊಳ್ಳಬಹುದು. ಸೂಜಿ ಚುಚ್ಚಿಸಿಕೊಂಡವನು ರೋಗಿಯಲ್ಲದಿದ್ದರೆ ಇನ್ಯಾರು ಎಂದು ಕೇಳಿ. ಕೌಂಟರಿನಲ್ಲಿ ಕೂತ ಹುಡುಗಿಯ ಮೇಲೆ ಮಾತ್ರ ಕೂಗಾಡಬೇಡಿ. ಅವಳ ಸಂಬಳ ನನ್ನ ಅಂಗಡಿಯ ಹುಡುಗನ ಸಂಬಳಕ್ಕಿಂತ ಹೆಚ್ಚೇನೂ ಇರಲಿಕ್ಕಿಲ್ಲ, ಆ ನಿಯಮ ಅವಳು ಮಾಡಿದ್ದೂ ಅಲ್ಲ.

ಬ್ರಿಟನ್ನಿನಲ್ಲಿ 1988ರಲ್ಲೇ ಒಂದು ಕಾಯ್ದೆ ಬಂದಿದೆ. ನಿಮ್ಮ ಡಾಕ್ಟರು ನಿಮ್ಮ ಬಗ್ಗೆ ವಿಮಾ ಕಂಪನಿಗೆ ವರದಿ ಬರೆದರೆ, ಅದು ಕಂಪನಿಗೆ ಹೋಗುವ ಮುಂಚೆಯೇ ಓದಿ ನೋಡುವ ಹಕ್ಕು ನಿಮಗಿದೆ. ನಮ್ಮಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಪಾಸಾಯಿತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಬಂದವು. ನಮ್ಮ ಮಾಹಿತಿ ಏನೇನು ಇಟ್ಟುಕೊಂಡಿದ್ದೀರಿ ಎಂದು ಕಂಪನಿಯನ್ನು ಕೇಳುವ ಹಕ್ಕು ಅದರಲ್ಲಿದೆ. ಆದರೆ ಆ ಭಾಗ ಜಾರಿಗೆ ಬರಲು ನಿಯಮ ಬಂದಲ್ಲಿಂದ ಹದಿನೆಂಟು ತಿಂಗಳ ಗಡುವು ಇಟ್ಟಿದ್ದಾರೆ, ಮೇಲಾಗಿ ಕಾಯ್ದೆ ಹೇಳುವುದು ಸಾರಾಂಶ ಕೊಡಿ ಎಂದು. ಸಾರಾಂಶ ಕಟ್ಟಿಕೊಂಡು ಏನು ಮಾಡೋಣ? ಡಾಕ್ಟರಿಗೆ ಅಂಕಿ ಬೇಕು. ಅದಕ್ಕೇ, ಆ ಕಾಯ್ದೆಗಾಗಿ ಕಾಯುತ್ತಾ ಕೂರಬೇಡಿ ಎಂದು ನಾನು ಹೇಳುವುದು.

ನ್ಯಾಯವಾಗಿ ಇದನ್ನೂ ಹೇಳಬೇಕು: ಕೇಳಿದರೆ ಮರುಮಾತಿಲ್ಲದೆ ಕಳಿಸುವ ಕಂಪನಿಗಳೂ ಇವೆ. ಆದ್ದರಿಂದ ಜಗಳಕ್ಕೆ ಮುಂಚೆ ಒಂದು ಸಲ ಸುಮ್ಮನೆ ಕೇಳಿ ನೋಡಿ.

ಈಗ ಕೆಲಸದ ಮಾತು

ಎಲ್ಲಕ್ಕಿಂತ ಅಗ್ಗದ ದಾರಿ ರಕ್ತ ಕೊಡುವ ಬೆಳಗ್ಗೆಯೇ ಇದೆ. ಸ್ಯಾಂಪಲ್ ತೆಗೆಯಲು ಬಂದ ಹುಡುಗನ ಲ್ಯಾಬಿನ ಹೆಸರು ಬರೆದುಕೊಳ್ಳಿ. ಟ್ಯೂಬಿನ ಮೇಲಿನ ಬಾರ್‌ಕೋಡ್ ಚೀಟಿಯ ಫೋಟೋ ಹೊಡೆದುಕೊಳ್ಳಿ. ಸಹಿ ಹಾಕುವ ಹಾಳೆಯಲ್ಲಿ, ಸಹಿಯ ಮೇಲೆ, "ವರದಿಯ ಒಂದು ಪ್ರತಿ ನನಗೂ ಕಳಿಸತಕ್ಕದ್ದು" ಎಂದು ಕೈಯಲ್ಲೇ ಬರೆದು ಇಮೇಲ್ ವಿಳಾಸ ಹಾಕಿ. ಆ ಹಾಳೆಯದೂ ಒಂದು ಫೋಟೋ. ಮಗ ಮಗಳಿಗೆ ಹೇಳಿದರೆ ಎರಡು ನಿಮಿಷದ ಕೆಲಸ.

ಆ ದಿನ ತಪ್ಪಿಹೋಗಿದ್ದರೆ ಕಾಗದ ಬರೆಯಿರಿ. ಪ್ರತಿ ಕಂಪನಿಯಲ್ಲೂ ಕುಂದುಕೊರತೆ ಅಧಿಕಾರಿ ಅಂತ ಒಬ್ಬರು ಇರಲೇಬೇಕು. ಅವರ ವಿಳಾಸ ಪಾಲಿಸಿ ಪುಸ್ತಕದ ಕೊನೆಯಲ್ಲೋ ಕಂಪನಿಯ ವೆಬ್‌ಸೈಟಿನಲ್ಲೋ ಇರುತ್ತದೆ. ಕಾಲ್ ಸೆಂಟರಿಗೆ ಮಾಡಿದ ಹತ್ತು ಫೋನಿಗಿಂತ ಅವರಿಗೆ ಬರೆದ ಒಂದು ಕಾಗದ ಮೇಲು. ಇಷ್ಟು ಬರೆದರೆ ಸಾಕು:

"ಮಾನ್ಯರೇ, ನಾನು ಇಂಥ ಸಂಖ್ಯೆಯ ಪ್ರಸ್ತಾವನೆ ಸಲ್ಲಿಸಿದ್ದು, ಇಂಥ ದಿನಾಂಕದಂದು ಇಂಥ ಸ್ಥಳದಲ್ಲಿ ನಿಮ್ಮ ಪರವಾಗಿ ನನ್ನ ರಕ್ತ, ಮೂತ್ರ, ಇಸಿಜಿ ಪರೀಕ್ಷೆ ನಡೆದಿರುತ್ತದೆ. ಸದರಿ ಎಲ್ಲ ಪರೀಕ್ಷೆಗಳ ಪೂರ್ಣ ವರದಿ, ನಿಮ್ಮ ವೈದ್ಯರು ನನ್ನನ್ನು ಪರೀಕ್ಷಿಸಿ ಬರೆದ ಹಾಳೆ ಹಾಗೂ ನಾನು ಸಹಿ ಮಾಡಿದ ಪ್ರಸ್ತಾವನೆ ಮತ್ತು ಒಪ್ಪಿಗೆ ಪತ್ರಗಳ ಪ್ರತಿಗಳನ್ನು ನನಗೆ ಕೊಡಬೇಕಾಗಿ ಕೋರುತ್ತೇನೆ. ಪ್ರಸ್ತಾವನೆಯನ್ನು ಮುಂದೂಡಿದ ಅಥವಾ ತಿರಸ್ಕರಿಸಿದ ಕಾರಣವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ."

ಕಾರಣವನ್ನು ಬರೆದು ಕೊಡಿ ಎಂಬುದು ಭಿಕ್ಷೆಯಲ್ಲ. ಆರೋಗ್ಯ ವಿಮೆ ನಿರಾಕರಿಸಿದರೆ ಕಾರಣ ದಾಖಲಿಸಿ ಬರವಣಿಗೆಯಲ್ಲಿ ತಿಳಿಸಬೇಕೆಂದು 2016ರ ನಿಯಮಗಳಲ್ಲೇ ಬರೆದಿತ್ತು. ಕಾಗದವನ್ನು ಇಮೇಲಿನಲ್ಲೂ ಕಳಿಸಿ, ಅಂಚೆಯಲ್ಲೂ ಕಳಿಸಿ. ರಿಜಿಸ್ಟರ್ ಪೋಸ್ಟು ಕೇಳಬೇಡಿ, 2025ರಲ್ಲಿ ಅದು ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ರಸೀದಿಯನ್ನು ಕಾಗದದ ನಕಲಿಗೆ ಪಿನ್ ಮಾಡಿ ಇಡಿ.

ಎರಡು ವಾರ ಕಾಯಿರಿ. ಉತ್ತರವಿಲ್ಲದಿದ್ದರೆ, ಅಥವಾ ಉತ್ತರದಲ್ಲಿ ಬರೀ "ಗೌಪ್ಯ" ಎಂದಿದ್ದರೆ, ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಹೋಗಿ. ಹೈದರಾಬಾದಿಗೆ ಬಸ್ಸು ಹತ್ತಬೇಕಿಲ್ಲ. 155255ಕ್ಕೆ ಫೋನು ಮಾಡಿ ಅಥವಾ ಬಿಮಾ ಭರೋಸಾ ಎಂಬ ಪೋರ್ಟಲ್‌ನಲ್ಲಿ ದೂರು ಹಾಕಿ. ಟೋಕನ್ ನಂಬರು ಬರುತ್ತದೆ. ನನ್ನ ಪಿಡಿಎಫ್ ಬಂದಿದ್ದು ಈ ಬಾಗಿಲು ತಟ್ಟಿದ ಮೇಲೆಯೇ.

ಅದಕ್ಕೂ ಬಗ್ಗದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಇಡೀ ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧದಲ್ಲಿದೆ. ಕಂಪನಿಗೆ ಬರೆದು ಒಂದು ತಿಂಗಳಾಗಿರಬೇಕು ಅಥವಾ ಕಂಪನಿ ಆಗುವುದಿಲ್ಲ ಎಂದಿರಬೇಕು. ಆಮೇಲೆ ಒಂದು ವರ್ಷದೊಳಗೆ ದೂರು ಕೊಡಬೇಕು. ಶುಲ್ಕವಿಲ್ಲ, ವಕೀಲರು ಬೇಡ. ಸೇವೆಯ ಲೋಪವೂ ಅವರ ವ್ಯಾಪ್ತಿಗೆ ಬರುವಂತೆ 2021ರಲ್ಲಿ ನಿಯಮವನ್ನು ಹಿಗ್ಗಿಸಿದ್ದಾರೆ. ಗ್ರಾಹಕರ ಆಯೋಗದ ದಾರಿಯೂ ತೆರೆದಿದೆ, ಆ ಬಗ್ಗೆ ವಿಚಾರಿಸಲು 1915.

ಎಲ್‌ಐಸಿಯಲ್ಲಿ ಅಥವಾ ಸರ್ಕಾರದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳಲ್ಲಿ, ಅಂದರೆ ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾದಲ್ಲಿ ಅರ್ಜಿ ಹಾಕಿದವರಿಗೆ ಇನ್ನೊಂದು ಅಸ್ತ್ರವಿದೆ. 2005ರ ಮಾಹಿತಿ ಹಕ್ಕು ಕಾಯ್ದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು, ಒಂದು ಬಿಳಿ ಹಾಳೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಯಾಕೆ ಬೇಕು ಎಂದು ಅವರು ಕೇಳುವಂತಿಲ್ಲ. ಕನ್ನಡದಲ್ಲೇ ಬರೆಯಿರಿ, ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಅರ್ಜಿ ಹಾಕಬಹುದೆಂದು ಕಾಯ್ದೆಯೇ ಹೇಳುತ್ತದೆ. ಅದಕ್ಕೆ ಯಾವ ಡಿಕ್ಲರೇಷನ್ನೂ ಬೇಡ! ನೀವು ಕೇಳುತ್ತಿರುವುದು ನಿಮ್ಮದೇ ವರದಿ ಎಂದು ಮೊದಲ ಸಾಲಿನಲ್ಲೇ ಸ್ಪಷ್ಟ ಮಾಡಿ, ಗುರುತಿನ ಚೀಟಿಯ ನಕಲು ಲಗತ್ತಿಸಿ. ಬೇರೆಯವರ ಆರೋಗ್ಯದ ಮಾಹಿತಿ ಕೊಡುವುದಿಲ್ಲ ಎಂಬ ಸಿದ್ಧ ಉತ್ತರಕ್ಕೆ ಆಗ ಜಾಗವಿರುವುದಿಲ್ಲ. ಬಿಪಿಎಲ್ ಕಾರ್ಡಿನವರಿಗೆ ಹತ್ತು ರೂಪಾಯಿಯೂ ಬೇಡ. ಖಾಸಗಿ ಕಂಪನಿಗಳಿಗೆ ಈ ಕಾಯ್ದೆ ನೇರವಾಗಿ ತಗಲುವುದಿಲ್ಲ, ಅಲ್ಲಿ ಹೋಗಿ ಆರ್‌ಟಿಐ ಎಂದು ಹೆದರಿಸಿ ನಗೆಪಾಟಲಾಗಬೇಡಿ.

ಕಾಗದ ಓಡಾಡುವಷ್ಟು ದಿನ ಮೈ ಕಾಯುವುದಿಲ್ಲ. ಪಾಲಿಸಿ ಮುಂದೂಡಿದ ಮೆಸೇಜು ಬಂದ ವಾರದಲ್ಲೇ ನಮ್ಮ ಚಿಗಟೇರಿ ಜಿಲ್ಲಾಸ್ಪತ್ರೆಗೋ ಹತ್ತಿರದ ನಮ್ಮ ಕ್ಲಿನಿಕ್ಕಿಗೋ ಹೋಗಿ, ಖಾಲಿ ಹೊಟ್ಟೆಯಲ್ಲಿ ಸಕ್ಕರೆ, ಬಿಪಿ ನೋಡಿಸಿಕೊಳ್ಳಿ. ಕಂಪನಿಯ ವರದಿ ಬರುವುದು ಯಾವಾಗಲೋ. "ಹಂಗಾದ್ರೆ ಮತ್ತೆ ಮಾಡಿಸಿಕೊಂಡರೆ ಮುಗೀತಲ್ಲ, ಹಳೇ ವರದಿ ಯಾಕೆ?" ಅನ್ನಬೇಡಿ. ಕಂಪನಿಯ ಕಡತದಲ್ಲಿ ಕೂತಿರುವುದು ಹಳೆಯದು, ನಾಳೆ ನಿಮ್ಮ ಮುಂದೆ ಹಿಡಿಯುವುದೂ ಅದನ್ನೇ.

ಜೆರಾಕ್ಸಿನವನ ಬುದ್ಧಿಮಾತು

ಆಸ್ಪತ್ರೆಗೆ ಸೇರ್ಪಡೆಯಾಗಿ, ಕೈಯಿಂದ ಬಿಲ್ಲು ಕಟ್ಟಿ, ಆಮೇಲೆ ಕ್ಲೇಮಿಗೆ ಹಾಕುವವರು ಒರಿಜಿನಲ್ ವರದಿಗಳನ್ನೆಲ್ಲ ಕವರಿಗೆ ತುಂಬಿ ಕೊಟ್ಟು ಬರುತ್ತಾರೆ. ಆರು ತಿಂಗಳಾದ ಮೇಲೆ ಹೊಸ ಡಾಕ್ಟರು, "ಹಳೇ ಸ್ಕ್ಯಾನು ಎಲ್ಲಿ?" ಅಂದಾಗ ಬಾಯಿ ಬಿಡುತ್ತಾರೆ. ದಾಖಲೆಗಳನ್ನು ಕಂಪನಿ ಮತ್ತು ಅದರ ಪರವಾಗಿ ಕ್ಲೇಮು ನೋಡುವ ಟಿಪಿಎಗಳೇ ಆಸ್ಪತ್ರೆಯಿಂದ ತರಿಸಿಕೊಳ್ಳಬೇಕು, ಪಾಲಿಸಿದಾರನನ್ನು ಅಲೆಸಬಾರದು ಎಂದು ಪ್ರಾಧಿಕಾರ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಹೇಳಿದೆ. ಆದರೂ ನನ್ನ ಅಂಗಡಿಯ ಮುಂದೆ ಕವರು ಹಿಡಿದು ನಿಲ್ಲುವವರು ಕಡಿಮೆಯಾಗಿಲ್ಲ. ಕೊಡಲೇಬೇಕಾಗಿ ಬಂದರೆ ಮೊದಲು ಎಲ್ಲದರ ನಕಲು ತೆಗೆಸಿ, ಕೊಟ್ಟ ಕಾಗದಗಳ ಪಟ್ಟಿ ಬರೆದು ಅದರ ಮೇಲೆ ಸೀಲು ಹಾಕಿಸಿಕೊಳ್ಳಿ. ಎಂಆರ್‌ಐ, ಸಿಟಿ ಸ್ಕ್ಯಾನಿನ ಫಿಲಂ ಕೊಡುವ ಮುಂಚೆ ಸಿಡಿ ಕೇಳಿ ಪಡೆಯಿರಿ.

ಇಸಿಜಿ ಪಟ್ಟಿಯ ಬಗ್ಗೆ ನನ್ನಷ್ಟು ಕೆಟ್ಟ ಅನುಭವ ಯಾರಿಗೂ ಇರಲಿಕ್ಕಿಲ್ಲ. ಅದು ಶಾಖಕ್ಕೆ ಬರೆಯುವ ಕಾಗದ, ಬಸ್ ಟಿಕೆಟಿನ ಹಾಗೆ. ಒಂದೆರಡು ವರ್ಷದಲ್ಲಿ ಗೆರೆ ಮಾಸಿಹೋಗುತ್ತದೆ. ಉಳಿಸಿಕೊಳ್ಳೋಣ ಎಂದು ಲ್ಯಾಮಿನೇಷನ್ನಿಗೆ ತರುತ್ತಾರೆ. ಮಿಷಿನ್ನಿನ ಬಿಸಿಗೆ ಪಟ್ಟಿ ಪೂರ್ತಿ ಕಪ್ಪು. ಹೀಗೆ ಒಬ್ಬ ಹಿರಿಯರ ಇಸಿಜಿಯನ್ನು ನಾನೇ ಹಾಳು ಮಾಡಿದ್ದೇನೆ, ಅವರು ಇವತ್ತಿಗೂ ನನ್ನ ಅಂಗಡಿಗೆ ಬರುವುದಿಲ್ಲ. ಇಸಿಜಿಗೆ ಜೆರಾಕ್ಸ್ ಮಾಡಿಸಿ, ಲ್ಯಾಮಿನೇಷನ್ ಬೇಡ.

ನಮ್ಮ ಬೇಡಿಕೆ ಒಂದೇ

ಲ್ಯಾಬಿನಿಂದ ಕಂಪನಿಗೆ ಹೋಗುವ ವರದಿ, ಅದೇ ಗಳಿಗೆಯಲ್ಲಿ, ಕೇಳದೆಯೇ, ನಮ್ಮ ಮೊಬೈಲಿಗೂ ಬರಬೇಕು. ಗ್ಯಾಸ್ ಸಿಲಿಂಡರ್ ಬುಕ್ಕಾದರೆ ಮೆಸೇಜು ಬರುತ್ತದೆ, ಬ್ಯಾಂಕಿನಲ್ಲಿ ಹದಿನೆಂಟು ರೂಪಾಯಿ ಮುರಿದರೆ ಮೆಸೇಜು ಬರುತ್ತದೆ. ಮೈಯಲ್ಲಿ ಸಕ್ಕರೆ 7.9 ಆದರೆ ಯಾಕೆ ಬರುವುದಿಲ್ಲ? ಇದಕ್ಕೆ ಹೊಸ ಕಾರ್ಖಾನೆ ಕಟ್ಟಬೇಕಿಲ್ಲ. ಕಳಿಸುವವರ ಪಟ್ಟಿಯಲ್ಲಿ ಇನ್ನೊಂದು ವಿಳಾಸ ಸೇರಿಸಿದರೆ ಆಯಿತು.

ಈ ಬೇಡಿಕೆಯ ಮನವಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಕಳಿಸುತ್ತಿದ್ದೇವೆ. ಬರುವ ಭಾನುವಾರ ಬೆಳಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಜಯದೇವ ವೃತ್ತದಲ್ಲಿ ಟೇಬಲ್ ಹಾಕಿ ಕೂರುತ್ತೇವೆ. ನಾನು, ನಿವೃತ್ತ ಮೇಷ್ಟ್ರು ಒಬ್ಬರು, ಔಷಧಿ ಅಂಗಡಿಯ ಇಬ್ಬರು ಹುಡುಗರು. ಸಂಘವಿಲ್ಲ, ಪಕ್ಷವಿಲ್ಲ, ಚಂದಾ ಇಲ್ಲ. ಕಳೆದ ಐದು ವರ್ಷದಲ್ಲಿ ಇನ್ಶೂರೆನ್ಸಿಗಾಗಿ ರಕ್ತ ಕೊಟ್ಟವರು ಪ್ರಸ್ತಾವನೆ ನಂಬರು ಅಥವಾ ಆ ದಿನ ಬಂದ ಮೆಸೇಜು ತನ್ನಿ, ಅಲ್ಲೇ ಕಾಗದ ಬರೆದುಕೊಡುತ್ತೇವೆ. ವರದಿ ಕೇಳುವ ಕಾಗದಕ್ಕೆ ಜೆರಾಕ್ಸ್ ಪುಕ್ಕಟೆ. ಏಜೆಂಟ್ ಬಂಧುಗಳೂ ಬನ್ನಿ, ನಿಮ್ಮ ಮೇಲೆ ಸಿಟ್ಟಿಲ್ಲ. ಗಿರಾಕಿಯ ಮುಂದೆ "ನಮಗೂ ಹೇಳಲ್ಲ" ಎಂದು ತಲೆ ತಗ್ಗಿಸುವವರು ನೀವೇ ತಾನೇ.

ಬರಲಾಗದವರಿಗಾಗಿ ಈ ಕರಪತ್ರದ ಕೊನೆಯ ಪುಟವನ್ನು ಖಾಲಿ ಬಿಟ್ಟಿದ್ದೇನೆ. ಮೇಲಿನ ಅರ್ಜಿಯನ್ನು ನೋಡಿಕೊಂಡು ಅದರ ಮೇಲೆಯೇ ಬರೆಯಿರಿ, ಸಹಿ ಹಾಕಿ, ಹರಿದು ಅಂಚೆಗೆ ಹಾಕಿ. ಸಹಿ ಕನ್ನಡದಲ್ಲೇ ಇರಲಿ.

ಇಂತಿ,
ನಿಮ್ಮ ಜೆರಾಕ್ಸ್ ಅಂಗಡಿಯವನು